ಮಂತ್ರಿಗಳ ಕೋಟು ಕಾಯುತ್ತಿದ್ದ ಎಡಿತ್

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಲಂಡನ್ನಿನ ಸರ್ಕಾರಿ ಕಟ್ಟಡವೊಂದರಲ್ಲಿ ಮಂತ್ರಿಗಳ ಕೋಟು, ಟೋಪಿ ನೋಡಿಕೊಳ್ಳುತ್ತಿದ್ದವಳು ನಮ್ಮ ಲ್ಯಾಂಬೆತ್ ಬೀದಿಯ ಎಡಿತ್ ಪರ್ಕಿಸ್. ಪಾರ್ಲಿಮೆಂಟಿನಲ್ಲಿ ಒಂದನ್ನೊಂದು ಹರಿದು ತಿನ್ನುತ್ತಿದ್ದ ಪಕ್ಷಗಳು ಆಗ ಒಂದೇ ಸಂಪುಟದಲ್ಲಿದ್ದವು. ಲೇಬರ್ ಪಕ್ಷದ ಟ್ರೆಡ್‌ಗೋಲ್ಡ್, ಕನ್ಸರ್ವೇಟಿವ್ ಪಕ್ಷದ ಲಾರ್ಡ್ ಹ್ಯಾವರ್‌ಷಮ್ ಕೋಟು ತೊಡುವಾಗಲೂ ಜಗಳ ಬಿಟ್ಟವರಲ್ಲ.

"ಲಾರ್ಡ್ ಸಾಹೇಬ್ರ ಕೋಟು ನನ್ನ ಕೋಟಿನ ಪಕ್ಕ ಹಾಕ್ಬೇಡಮ್ಮ, ಸೊಕ್ಕು ಅಂಟ್ಕೊಳ್ಳುತ್ತೆ," ಎನ್ನುತ್ತಿದ್ದರು ಟ್ರೆಡ್‌ಗೋಲ್ಡ್.

"ಅಂಟ್ಲಿ ಬಿಡಿ, ಸ್ವಲ್ಪ ಮರ್ಯಾದೆನಾದ್ರೂ ಬರುತ್ತೆ," ಎನ್ನುತ್ತಿದ್ದರು ಲಾರ್ಡ್.

ಜೂನ್ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಸಂಪುಟ ಸಭೆಯಿಂದ ಜಗಳವಿಲ್ಲದೆ ಹೊರಬಂದರು. ಕೋಟುಗಳ ಸಾಲಿನ ಹಿಂದೆ ಬ್ರಷ್ ಹಿಡಿದು ನಿಂತಿದ್ದ ಎಡಿತ್ ಆ ಇಬ್ಬರ ಕಣ್ಣಿಗೂ ಬೀಳಲಿಲ್ಲ.

"ಮಾರ್ಗರೆಟ್ ಹೋಪ್ ಹಡಗು ಮುಳುಗಿದ್ದು ಈಗ್ಲೇ ಹೊರಗೆ ಹೋಗ್ಬಾರ್ದು. ಜನ ಎದೆಗುಂದ್ತಾರೆ," ಎಂದರು ಲಾರ್ಡ್.

"ಇದ್ರಲ್ಲಿ ನಾನೂ ನಿಮ್ಜೊತೆಗೇ. ಯಾರೂ ಉಳಿದಿಲ್ವಂತೆ," ಎಂದರು ಟ್ರೆಡ್‌ಗೋಲ್ಡ್.

ಆ ಹಡಗಿನ ಬಾಯ್ಲರ್ ಕೋಣೆಯಲ್ಲಿ ಎಡಿತ್‌ಳ ಗಂಡ ವಿಲ್ಫ್ ಕೆಲಸಕ್ಕಿದ್ದ.

ಇಲ್ಲಿ ಕೇಳಿದ್ದನ್ನು ಹೊರಗೆ ಬಾಯಿಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಅವಳು ಪ್ರಮಾಣ ಮಾಡಿದ್ದಳು. ಮನೆಯಲ್ಲಿ ಅತ್ತೆ ಅಗಾಥಾ ಮಗನಿಗೆಂದು ಕಾಲುಚೀಲ ಹೆಣೆಯುತ್ತಿದ್ದರು.

"ಕಾಗದ ಬರ್ಲಿಲ್ವೇನೇ?"

"ಟಪಾಲು ತಡ ಅತ್ತೆ, ಯುದ್ಧ ಅಲ್ವಾ." ಅಷ್ಟು ಹೇಳಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂರುತ್ತಿದ್ದಳು.

ಮಳೆ ಬಂದ ದಿನ, ನೀರು ತೊಟ್ಟಿಕ್ಕುವ ಕೋಟುಗಳು ಅವಳ ಕಣ್ಣಿಗೆ ತಲೆಯಿಲ್ಲದ ಗಂಡಸರಂತೆ ಕಾಣುತ್ತಿದ್ದವು. ಎಣ್ಣೆ ಬೆರೆತ ಕಡಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಮ್ಮೆ ಟ್ರೆಡ್‌ಗೋಲ್ಡರ ಕೋಟು ಎತ್ತಿಕೊಂಡಾಗ ಒಳಗೊಂದು ಮೈ ಇದ್ದಷ್ಟು ಭಾರವೆನಿಸಿ ಕೈಬಿಟ್ಟಳು.

"ಏನಾಯ್ತಮ್ಮ?" ಎಂದರು ಎದುರಿಗಿದ್ದ ಟ್ರೆಡ್‌ಗೋಲ್ಡ್.

"ನನ್ನ ಗಂಡ ಮಾರ್ಗರೆಟ್ ಹೋಪ್‌ನಲ್ಲಿದ್ರು ಸರ್. ನಿಮ್ಮ ಮಾತು ಅವತ್ತು ಕಿವಿಗೆ ಬಿತ್ತು. ಅವರಮ್ಮ ಇನ್ನೂ ಕಾಯ್ತಿದಾರೆ. ಅವರೊಬ್ರಿಗೆ ಹೇಳ್ಲಾ?"

"ಬೇಡಮ್ಮ," ಎಂದರು ಅವರು. "ಇನ್ನೂ ಬೇಡ." ಕೋಟನ್ನು ತಾವೇ ನೆಲದಿಂದ ಎತ್ತಿಕೊಂಡು, ತೊಡದೆ, ಮಳೆಗೆ ಇಳಿದರು.

ಆಗಸ್ಟಿನಲ್ಲಿ ಹಡಗು ಮುಳುಗಿದ ಸುದ್ದಿ ರೇಡಿಯೋದಲ್ಲಿ ಬಂತು. ಅಗಾಥಾ ಸೊಸೆಯತ್ತ ತಿರುಗಿದರು. ಅವಳು ಬೆಚ್ಚಿರಲಿಲ್ಲ.

"ನಿಂಗೆ ಗೊತ್ತಿತ್ತು."

"ಹೂಂ ಅತ್ತೆ."

"ಸತ್ತವನಿಗೆ ಕಾಲುಚೀಲ ಹೆಣೀತಿದ್ದೆ ನಾನು. ನೋಡ್ತಾ ಕೂತಿದ್ದೆಯಲ್ಲೇ!"

ಆಮೇಲೆ ಒಂದೇ ಸೂರಿನಡಿ ಇದ್ದರೂ ಅವರು ಸೊಸೆಯೊಡನೆ ಮಾತಾಡಲಿಲ್ಲ.

ಯುರೋಪಿನಲ್ಲಿ ಯುದ್ಧ ಮುಗಿದು ಸಮ್ಮಿಶ್ರ ಸರ್ಕಾರ ಒಡೆಯಿತು. ಪಕ್ಷಗಳು ಮತ್ತೆ ಎದುರುಬದುರಾದವು. ವೋಟು ಕೇಳಲು ಟ್ರೆಡ್‌ಗೋಲ್ಡ್ ನಮ್ಮ ಬೀದಿಗೆ ಬಂದರು. ಬಾಗಿಲು ತೆರೆದ ಎಡಿತ್‌ಳನ್ನು ಕಂಡು ಟೋಪಿ ತೆಗೆದರು.

"ನಿಮ್ಮತ್ತೆ ಹೇಗಿದಾರಮ್ಮ?"

"ಹೋದ ಚಳಿಗಾಲ ತೀರ್ಕೊಂಡ್ರು ಸರ್. ಕೊನೇವರ್ಗೂ ನನ್ನ ಕೈಯಿಂದ ನೀರು ಕುಡೀಲಿಲ್ಲ."

ಅವರು ವೋಟು ಕೇಳಲಿಲ್ಲ. ಪಕ್ಕದ ಮನೆಯ ಬಾಗಿಲನ್ನೂ ತಟ್ಟದೆ ಬೀದಿ ದಾಟಿ ಹೊರಟುಹೋದರು.