ಧೋತರದ ಆಚೆ ಕೂತವರು

ನಾನು ಶಾಲೆ ಬಿಟ್ಟಿದ್ದು ೧೯೬೨ರಲ್ಲಿ, ಏಳನೇ ಕ್ಲಾಸು ಮುಗಿಸಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೆದಕುವುದು ಬೇಡ. ಮೊನ್ನೆ ನನ್ನ ಅಂಗಡಿಗೆ ಮೋಟಾರು ರಿಪೇರಿಗೆ ತಂದ ಮಾಸ್ತರರೊಬ್ಬರು, "ಟೀವಿ ಪಾಠ ಬಂದ್ರ ಎಲ್ಲಾರಿಗೂ ಒಂದ ಪಾಠರೀ, ಭೇದನ ಇಲ್ಲ" ಅಂದರು. ತಂತಿ ಸುತ್ತುತ್ತಿದ್ದ ನನ್ನ ಕೈ ನಿಂತಿತು.

ಎಪ್ಪತ್ತೆಂಟರ ಸುಮಾರಿಗೆ ನಾನು ಶಿಕ್ಷಣ ಇಲಾಖೆಯ ದಿನಗೂಲಿಯ ಮೇಲೆ ರಾಯಚೂರಿನಿಂದ ಪ್ರೊಜೆಕ್ಟರು ಹೊತ್ತು, ಮಾನ್ವಿ, ದೇವದುರ್ಗದ ಹೈಸ್ಕೂಲುಗಳಲ್ಲಿ ವಿಜ್ಞಾನದ ಫಿಲ್ಮು ತೋರಿಸುತ್ತಿದ್ದೆ. ಕಂಡಕ್ಟರು ಆ ಪೆಟ್ಟಿಗೆಗೂ ಟಿಕೀಟು ಹರಿಯುತ್ತಿದ್ದ.

ದೇವದುರ್ಗದ ಕಡೆಯ ಒಂದು ಶಾಲೆ. ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ್ದೇ ತಡ, ಹೆಡ್‌ಮಾಸ್ತರರು ಹುಡುಗಿಯರನ್ನು ಮನೆಗೆ ಅಟ್ಟಲು ಹೊರಟರು. "ಕತ್ತಲಾಗ ಹುಡುಗರ ಜೋಡಿ ಹೆಂಗ ಕುಂದ್ರಸೂದು?" ನಾನು ಜಾಣ ನೋಡಿ! ಟೆಂಟ್ ಸಿನಿಮಾದಲ್ಲಿ ಕಂಡ ಉಪಾಯ ಹೇಳಿದೆ. ತೆಳು ಧೋತರ ಒದ್ದೆ ಮಾಡಿ ಕೋಣೆಯ ನಡುವೆ ಕಟ್ಟಿದರೆ ಚಿತ್ರ ಎರಡೂ ಕಡೆ ಕಾಣುತ್ತದೆ. ಹುಡುಗರು ಮಷೀನಿನ ಕಡೆ, ಹುಡುಗಿಯರು ಆಚೆ. ಎಲ್ಲರೂ ಭೇಷ್ ಅಂದರು, ನಾನು ಉಬ್ಬಿದೆ. ಅವತ್ತಿನ ಫಿಲ್ಮು, ಮನುಷ್ಯನ ಗುಂಡಿಗೆ.

ತಿಂಗಳ ಮೇಲೆ ಅದೇ ಶಾಲೆಗೆ ಮತ್ತೊಂದು ಫಿಲ್ಮು ಹೊತ್ತು ಹೋದರೆ, ಒಂಬತ್ತನೆಯ ಕ್ಲಾಸಿನ ಮೌಲಾಬಿ ಎಂಬ ಹುಡುಗಿ ಪರೀಕ್ಷೆಯ ಹಾಳೆ ಹಿಡಿದು ಎಲ್ಲರೆದುರು ನಿಂತಿದ್ದಳು.

"ಏನಬೇ, ನಿನ್ನ ಗುಂಡಿಗಿ ಬಲಕ್ಕ ಅದೇನು?" ವಿಜ್ಞಾನದ ಮಾಸ್ತರರು ಕೇಳಿದರು. ಹುಡುಗರು ಕೇಕೆ ಹಾಕಿದರು.

"ಸಿನಿಮಾದಾಗ ಬಲಕ್ಕ ಇತ್ರಿ ಸರ. ಫೇಲ್ ಮಾಡಬ್ಯಾಡ್ರಿ, ನಮ್ಮಪ್ಪ ಶಾಲಿ ಬಿಡಸ್ತಾನ್ರಿ."

ಪರದೆಯ ಹಿಂದಿನಿಂದ ನೋಡಿದರೆ ಎಡ ಬಲವಾಗುತ್ತದೆ. ನನಗದು ಗೊತ್ತಿತ್ತು. ಟೆಂಟಿನಲ್ಲಿ ಹೀರೋ ಎಡಗೈಲಿ ಹೊಡೆದರೆ ಯಾರಿಗೇನು ನಷ್ಟ? ಇಲ್ಲೂ ಹಾಗೇ ಅಂದುಕೊಂಡಿದ್ದೆ.

"ಸರ, ಆಕಿ ಕಂಡದ್ದನ್ನ ಬರದಾಳ. ಆ ಕಡೆ ಕುಂದ್ರಿಸಿದವರು ನಾವು," ಅಂದೆ.

"ನೀ ಎಷ್ಟನೇತ್ತ ಓದೀಯಪಾ? ಸುಮ್ನ ಮಷೀನು ತಿರುವು."

"ಏಳನೇತ್ತರೀ. ಆದ್ರ ಎರಡೂ ಕಡೆ ನಿಂತು ನೋಡೀನಿ. ನೀವು ಒಂದ ಕಡೆ ನೋಡೀರಿ."

ಹುಡುಗಿಯರನ್ನು ಈಚೆ ಕೂರಿಸಿದರಷ್ಟೇ ಫಿಲ್ಮು ಎಂದು ಪಟ್ಟು ಹಿಡಿದೆ. ಕೂರಿಸಲಿಲ್ಲ. ಪೆಟ್ಟಿಗೆ ಮುಚ್ಚಿ ಬಸ್ಸು ಹತ್ತಿದೆ, ವಾರದೊಳಗೆ ಕೆಲಸ ಹೋಯಿತು. ಅದು ಹಾಳಾಗಲಿ. ಮೌಲಾಬಿಗೆ ಸೊನ್ನೆಯೇ ಉಳಿಯಿತು, ಅಪ್ಪ ಶಾಲೆ ಬಿಡಿಸಿದನೆಂದು ಆಮೇಲೆ ಸಿಕ್ಕ ಆ ಶಾಲೆಯ ಜವಾನ ಹೇಳಿದ. ಹತ್ತು ಹೆಜ್ಜೆ ಈಚೆ ಬಂದು ಕೂತಿದ್ದರೆ ಆಕೆಯ ಉತ್ತರ ಸರಿ ಇರುತ್ತಿತ್ತು. ಆ ಹತ್ತು ಹೆಜ್ಜೆ ಕೊಡದವರು ಓದಿದವರು. ಧೋತರ ಕಟ್ಟಿದವನು ನಾನು. ಸಿಟ್ಟು ಇಬ್ಬರ ಮೇಲೂ ಇದೆ.

ಮೊನ್ನೆಯ ಮಾಸ್ತರರಿಗೆ ಇಷ್ಟನ್ನೂ ಹೇಳಿ, "ಟೀವಿ ತರ್ರಿ. ಯಾರನ್ನ ಎಲ್ಲಿ ಕುಂದ್ರಸ್ತೀರಿ, ಅದನ್ನ ಮೊದಲು ಹೇಳ್ರಿ," ಅಂದೆ.

ಈಗ ನನಗೆ ರಾಯಚೂರಿನಲ್ಲಿ ಅಂಗಡಿ ಒಂದು, ಮನೆಯ ಕೋಣೆ ಎರಡು, ಹೆಣ್ಣುಮಕ್ಕಳು ಮೂವರು. ಇಬ್ಬರು ಮೆಟ್ರಿಕ್ ಪಾಸು. ಕೊನೆಯವಳು ಒಂಬತ್ತನೆಯ ಕ್ಲಾಸು.