ಬಿಸಿ ಖೋಲಿಯಿಂದ ‘ಬರ್ತೀನಿ’ ಎಂದವಳು

ಶಹಾಪುರ ದಾಟಿ ಸುರಪುರದ ಕಡೆ ಹೊರಟರೆ, ಮಲಗಿದ ಬುದ್ಧನ ಗುಡ್ಡ ಬೆನ್ನಿಗೆ ಬೀಳುವ ಹೊತ್ತಿಗೆ ರಸ್ತೆಯ ಎಡಕ್ಕೆ ಒಂದು ಹೋಟೆಲು ಸಿಗುತ್ತದೆ. ಕೆಳಗೆ ಖಾನಾವಳಿ, ಮೇಲೆ ತಂಗುವ ಕೋಣೆಗಳು, ಹಿತ್ತಲಲ್ಲಿ ಸೌನಾ. ಹೌದು, ಸೌನಾನೇ! ಕಟ್ಟಿಗೆಯ ಗೋಡೆ, ಕೂಡಲು ಕಟ್ಟಿಗೆಯ ಮೆಟ್ಟಿಲು, ಮೂಲೆಯಲ್ಲಿ ಕಾದ ಕಲ್ಲುಗಳ ಒಲೆ. ಒಳಗೆ ಕೂತು ಬೆವರಬೇಕು, ಹೊರಗೆ ಬಂದು ಆರಿಸಿಕೊಳ್ಳಬೇಕು. ಮಾಲೀಕ ಮಹೇಶಕುಮಾರ ಮನಾಲಿಗೆ ಪ್ರವಾಸ ಹೋದವನು ಅಲ್ಲಿ ಇಂಥದ್ದರಲ್ಲಿ ಕೂತೆದ್ದು, ಮರುಳಾಗಿ ಬಂದು ಕಟ್ಟಿಸಿದ್ದು. ಸುತ್ತಲಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮ ಬ್ಯಾಸಿಗ್ಯಾಗ ಬೆವರಾಕ ಒಂದು ಖೋಲಿ ಬೇರೆ ಬೇಕೇನೋ ಮಾರಾಯಾ? ಯಾದಗಿರಿ ಬಸ್‌ಸ್ಟ್ಯಾಂಡಿನಾಗ ನಿಂತರ ಪುಕ್ಕಟ ಸಿಗತೈತಿ!” ಆದರೂ ಹೈದರಾಬಾದಿನ ಕಾರುಗಳು ನಿಂತವು, ಕೊಡೇಕಲ್‌ಗೆ ನಡೆದು ಮೈಕೈ ನೋಯಿಸಿಕೊಂಡ ಭಕ್ತರೂ ಬಂದರು. ಸೌನಾ ಎಂಬ ಹೆಸರು ಮಾತ್ರ ಯಾರ ಬಾಯಲ್ಲೂ ನಿಲ್ಲಲಿಲ್ಲ. ಬಿಸಿ ಖೋಲಿ ಎಂದೇ ಆಯಿತು.

ಹೆಂಗಸರ ಬಿಸಿ ಖೋಲಿಗೆ ಮೌನಮ್ಮನೇ ಯಜಮಾನಿ. ಕೃಷ್ಣೆಯ ದಂಡೆಯ ಮೀನುಗಾರರ ಮಗಳು. ಹೆಸರು ಮೌನಮ್ಮ, ಬಾಯಿ ಮಾತ್ರ ಮೂರೂರಿಗೆ ಕೇಳುವಂಥದ್ದು. ಇಲ್ಲಿಗೆ ಬರುವ ಮುಂಚೆ ಹಳ್ಳಿಹಳ್ಳಿ ತಿರುಗಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಹೊರಸಿನ ಕೆಳಗೆ ಕೆಂಡವಿಟ್ಟು ಮೈ ಕಾಸಿದವಳು. ಮಹೇಶಕುಮಾರನ ಹೆಂಡತಿಯ ಬಾಣಂತನವನ್ನೂ ಅವಳೇ ಮಾಡಿದ್ದಳು. ಹಾಗಾಗಿ ಬಿಸಿ ಖೋಲಿಗೆ ಆಳು ಬೇಕೆಂದಾಗ ಮನೆಯಲ್ಲಿ ಬೇರೆ ಹೆಸರೇ ಬರಲಿಲ್ಲ.

ಬಂದವರನ್ನು ಬೈದೇ ಒಳಗೆ ಬಿಡುತ್ತಿದ್ದಳು. “ಬಂಗಾರ ತಗದಿಡ್ರಿ, ಕಾದು ಬರಿ ಹಾಕತೈತಿ. ಈಗಷ್ಟ ಉಂಡು ಬಂದೀರೇನು? ಜರಾ ತಡೀರಿ. ಹೊಟ್ಟ್ಯಾಗ ಕೂಸು ಇದ್ದರ ಹೊರಗ ಕುಂದುರ್ರಿ, ಜ್ವರ ಇದ್ದರ ಮನಿಗಿ ನಡೀರಿ. ಮೊದಲನೇ ಸಲ ಅಂದರ ಕೆಳಗಿನ ಮೆಟ್ಟಲದಾಗ ಕುಂದುರ್ರಿ, ಮ್ಯಾಲ ಏರಬ್ಯಾಡ್ರಿ, ಮ್ಯಾಲ ಝಳ ಭಾಳ. ತಲಿ ತಿರುಗಿದರ ದೊಡ್ಡಸ್ತಿಕಿ ಮಾಡಬ್ಯಾಡ್ರಿ, ಎದ್ದು ಬರ್ರಿ.” ಒಳಗೆ ಬಿಡುವ ಮುಂಚೆ ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿಸುತ್ತಿದ್ದಳು. ಬಾಗಿಲಿಗೆ ಚಿಲಕ ಇರಲಿಲ್ಲ. ಅವಳು ಹೊರಗೆ ಸ್ಟೂಲಿನ ಮೇಲೆ ಕೂತು, ನಡುನಡುವೆ ಬಾಣಂತಿಯರನ್ನು ಕೇಳುವ ಹಾಗೆಯೇ ಕೂಗುತ್ತಿದ್ದಳು: “ಆಯ್ತೇನವ್ವಾ?” ಒಳಗಿನಿಂದ ಉತ್ತರ ಬಂದರೆ ಅವಳಿಗೆ ಸಮಾಧಾನ.

ಆ ಉತ್ತರವನ್ನು ನಂಬಿಯೇ ಅವಳು ಕೆಟ್ಟದ್ದು.

ಹುಣಸಗಿಯ ಶಿವಬಸಮ್ಮ ಅಲ್ಲಿಗೆ ಪದೇ ಪದೇ ಬರುತ್ತಿದ್ದ ಹೆಂಗಸು. ಕಿರಾಣಿ ಅಂಗಡಿಯ ಮನೆಯವಳು, ಮೊಣಕಾಲಿನ ನೋವಿನವಳು. ಶಹಾಪುರಕ್ಕೆ ಹೊರಟಾಗೆಲ್ಲ ಇಲ್ಲಿ ಇಳಿದು, ಬೆವರಿ, ಹಗುರಾಗಿ, ಮೌನಮ್ಮನ ಜೊತೆ ಚಹಾ ಕುಡಿದು ಮುಂದಿನ ಬಸ್ಸು ಹಿಡಿಯುತ್ತಿದ್ದಳು. ಕೊರಳಿನ ಬೆಳ್ಳಿಯ ಲಿಂಗದ ಕರಡಿಗೆಯನ್ನು ಮಾತ್ರ ಏನಂದರೂ ತೆಗೆಯಳು. ಮೌನಮ್ಮ ಜಗಳಾಡಿ ಸೋತು, ಕೊನೆಗೆ ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಕಳಿಸುತ್ತಿದ್ದಳು. “ನನ್ನ ಲಿಂಗಕ್ಕೂ ಬಾಣಂತನ ಮಾಡಾಕತ್ತೀಯಲ್ಲ!” ಎಂದು ಶಿವಬಸಮ್ಮ ನಗುತ್ತಿದ್ದಳು. ಅಕ್ಕತಂಗಿಯರಿಗೂ ಅಷ್ಟು ಸಲಿಗೆ ಇರುವುದಿಲ್ಲ.

ಒಂದು ಶ್ರಾವಣ ಸೋಮವಾರ ಶಿವಬಸಮ್ಮ ಬಂದಳು. ಹನಿ ನೀರೂ ಮುಟ್ಟದ ಉಪವಾಸ ಹಿಡಿದಿದ್ದಳು. ಹೇಳಿದರೆ ಒಳಗೆ ಬಿಡುವುದಿಲ್ಲವೆಂದು ಬಾಯಿ ಬಿಡಲಿಲ್ಲ. ಶರಬತ್ತಿನ ಲೋಟವನ್ನು ಮೌನಮ್ಮ ಆಚೆ ತಿರುಗಿದಾಗ ಗಿಡಕ್ಕೆ ಸುರಿದಳು. ಹೊತ್ತಾದ ಮೇಲೆ ಮೌನಮ್ಮ ಕೂಗಿದಳು: “ಆಯ್ತೇನ್ರಿ ಅಕ್ಕಾ?” ಒಳಗಿನಿಂದ ಮೆಲ್ಲಗೆ, “ಬರ್ತೀನವ್ವಾ” ಎಂದು ಕೇಳಿಸಿತು. ಬರುತ್ತಾಳಲ್ಲ ಎಂದು ಮೌನಮ್ಮ ಟವೆಲ್ಲು ಮಡಚಿ, ನೀರು ತೋಡಿ ಕಾದಳು. ಬರಲಿಲ್ಲ. ಬಾಗಿಲು ತೆರೆದಾಗ ಶಿವಬಸಮ್ಮ ಗೋಡೆಗೆ ಒರಗಿ, ಕರಡಿಗೆಯನ್ನು ಹಿಡಿದುಕೊಂಡು ಕೂತೇ ಇದ್ದಳು. ಜೀವ ಹೋಗಿತ್ತು.

ಶಿವಬಸಮ್ಮನ ಮನೆಯವರು ಮೌನಮ್ಮನನ್ನು ದೂರಲಿಲ್ಲ. ಉಪವಾಸ, ಮೊದಲೇ ಸೋತ ಹೃದಯ, ಅದರ ಮೇಲೆ ಈ ಝಳ ಎಂದು ಡಾಕ್ಟರು ಹೇಳಿದರು. ಆದರೆ ಮೌನಮ್ಮನ ತಲೆಯಲ್ಲಿ ಆ ಒಂದು ಮಾತು ಹುಳದ ಹಾಗೆ ಹೊಕ್ಕಿತು. ನಮ್ಮ ಕಡೆ ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎನ್ನುವವರು ಯಾರಿದ್ದಾರೆ? ಅಂದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಹೋಗುವವರೂ ‘ಬರ್ತೀನಿ’ ಎಂದೇ ಹೋಗುತ್ತಾರೆ. ಹಾಗಾದರೆ ಶಿವಬಸಮ್ಮ ಅಂದದ್ದು ಯಾವ ಬರ್ತೀನಿ? ಹೊರಗೆ ಬರ್ತೀನಿ ಎಂದಳೋ, ಹೊರಟೆ ಎಂದಳೋ? ಅಯ್ಯೋ ಶಿವನೇ, ಅದೊಂದು ತಿಳಿದಿದ್ದರೆ ಬಾಗಿಲು ಒದ್ದು ತೆರೆಯುತ್ತಿರಲಿಲ್ಲವೇ?

ಬಿಸಿ ಖೋಲಿಯನ್ನು ಕೆಲಕಾಲ ಮುಚ್ಚಿ ಮತ್ತೆ ತೆರೆದರು. ತೆರೆದ ಮೊದಲ ವಾರವೇ, ಒಳಗೆ ಯಾರೂ ಇಲ್ಲದ ಹೊತ್ತಿನಲ್ಲಿ, ಕಲ್ಲು ಕಾಯಲೆಂದು ಬಾಗಿಲು ಹಾಕಿ ಹೊರಗೆ ಕೂತಿದ್ದಾಗ ಆ ದನಿ ಬಂತು.

“ಬರ್ತೀನವ್ವಾ.”

ಮೌನಮ್ಮ ಬಾಗಿಲು ತೆರೆದಳು. ಬರೀ ಝಳ. ಕೆಳಗಿನ ಮೆಟ್ಟಿಲು ಖಾಲಿ. ಇನ್ನೊಂದು ದಿನ ಮತ್ತೆ ಬಂತು, ಮತ್ತೆ ಓಡಿದಳು, ಮತ್ತೆ ಖಾಲಿ. ಅನ್ನ ಸೇರದೆ ಅವಳು ಕಡ್ಡಿಯಾದಳು. ಟವೆಲ್ಲು ಒಗೆಯುವ ಗೌಹರಬೇಗಂ ಇದನ್ನು ಗಮನಿಸಿ ಗದರಿದಳು: “ಖಾಲಿ ಖೋಲಿ ಕರದರ ಜವಾಬು ಕೊಡಬ್ಯಾಡ ಬಾಯೀ. ಬಾಗಲಾನೂ ಮುಟ್ಟಬ್ಯಾಡ. ನೀ ಓಡಿ ಹೋಗ್ತಿ, ಅದಕ್ಕ ಆಕಿ ಕರೀತಾಳ. ಕುಂತಲ್ಲೇ ಕುಂದರು.” ಅಂದಿನಿಂದ ಮೌನಮ್ಮ ಹಾಗೆಯೇ ಮಾಡಿದಳು. ದನಿ ಬಂದಾಗ ಸೆರಗು ಹಿಡಿದುಕೊಂಡು, ಕಣ್ಣು ಮುಚ್ಚಿ ಅಲುಗಾಡದೆ ಕೂರುತ್ತಿದ್ದಳು. ಹೆಂಗಸರು ಒಳಗಿದ್ದಾಗ ಹೊರಗಿನಿಂದ ಕೂಗುವುದನ್ನು ಬಿಟ್ಟು, ತಾನೂ ಅವರ ಜೊತೆ ಬಾಗಿಲ ಬಳಿಯ ಮೆಟ್ಟಿಲಲ್ಲಿ ಕೂತು ಬೆವರಲು ಶುರುಮಾಡಿದಳು. ಯಾರನ್ನೂ ಒಬ್ಬರನ್ನೇ ಬಿಡಲಿಲ್ಲ.

ವರ್ಷ ಕಳೆದು ಮತ್ತೆ ಶ್ರಾವಣ ಬಂತು. ಒಂದು ಮಧ್ಯಾಹ್ನ ಸುರಪುರದ ಕಡೆಯ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಇಳಿದು ಹಿತ್ತಲಿಗೆ ಬಂದಳು. ಮುಖ ನೋಡಿದ ಕೂಡಲೇ ಮೌನಮ್ಮ ಸ್ಟೂಲಿನಿಂದ ಎದ್ದು ನಿಂತಳು. ಶಿವಬಸಮ್ಮನ ಮೂಗು, ಶಿವಬಸಮ್ಮನದೇ ಹಣೆ.

“ನಾ ಸೌಭಾಗ್ಯ ರೀ. ಅವ್ವ ಕುಂತಲ್ಲಿ ಜರಾ ಹೊತ್ತು ಕುಂದರಬೇಕು ಅಂತ ಬಂದೀನಿ. ಒಬ್ಬಾಕಿನೇ.”

“ಆಗಂಗಿಲ್ಲವ್ವಾ. ನಾನೂ ಬರ್ತೀನಿ ಒಳಗ.”

“ಅಳಾಕ ಬಂದೀನ್ರಿ,” ಎಂದಳು ಸೌಭಾಗ್ಯ. “ಮನ್ಯಾಗ ಮಕ್ಕಳ ಮುಂದ ಅಳಾಕ ಆಗಂಗಿಲ್ಲ. ನಿಮ್ಮ ಮುಂದೂ ಆಗಂಗಿಲ್ಲ.”

ಮೌನಮ್ಮ ಕರಗಿಬಿಟ್ಟಳು. ಉಪವಾಸವೇ ಎಂದು ಕೇಳಿದಳು, ಸೌಭಾಗ್ಯ ಇಲ್ಲವೆಂದಳು. ಶರಬತ್ತನ್ನು ತನ್ನ ಕಣ್ಣೆದುರೇ ಕುಡಿಸಿದಳು. ಆದರೆ ಬೆಳಗಿನಿಂದ ಏನು ಕುಡಿದಿದ್ದೀ ಎಂದು ಕೇಳಲು ತೋಚಲಿಲ್ಲ. ಬಸ್ಸು ಹತ್ತುವ ನಮ್ಮ ಹೆಂಗಸರು ನೀರು ಕುಡಿಯುತ್ತಾರೆಯೇ? ದಾರಿಯಲ್ಲಿ ಒಂದಕ್ಕೆ ಹೋಗಲು ಜಾಗವಿಲ್ಲವೆಂದು ನಾಲಿಗೆ ಒಣಗಿಸಿಕೊಂಡೇ ಬರುತ್ತಾರೆ. ಸೌಭಾಗ್ಯ ಹುಣಸಗಿಯಿಂದ ಸುರಪುರ, ಅಲ್ಲಿ ಬಸ್ಸು ಬದಲಿಸಿ ಇಲ್ಲಿಗೆ, ಹಾಗೆಯೇ ಬಂದಿದ್ದಳು.

“ಕೆಳಗಿನ ಮೆಟ್ಟಲದಾಗ ಕುಂದರು. ಜರಾ ಹೊತ್ತಿಗೇ ನಾ ಬಾಗಲಾ ತಗೀತೀನಿ,” ಎಂದು ಒಳಗೆ ಬಿಟ್ಟು, ಮೌನಮ್ಮ ಸ್ಟೂಲಿನ ತುದಿಯಲ್ಲಿ ಕೂತಳು. ಒಳಗೆ ಬಿಕ್ಕುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಅತ್ತು ಹಗುರಾದಳು ಎಂದುಕೊಂಡಳು.

“ಬರ್ತೀನವ್ವಾ.”

ಮೌನಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಕಣ್ಣು ಮುಚ್ಚಿದಳು. ಅದೇ ದನಿ. ಸತ್ತವಳದಾದರೆ ಬಾಗಿಲು ಮುಟ್ಟಬಾರದು. ಮಗಳದಾದರೆ ಬರ್ತೀನಿ ಎಂದಿದ್ದಾಳೆ, ಬರುತ್ತಾಳೆ. ಹೇಗೆ ನೋಡಿದರೂ ಆ ಮಾತು ‘ಕೂತಿರು’ ಎಂದೇ ಹೇಳುತ್ತಿತ್ತು. ಹೋದ ವರ್ಷವೂ ಹೀಗೇ ತಾನೇ ಕೂತದ್ದು! ಟವೆಲ್ಲು ಮಡಚಿಕೊಂಡು, ನೀರು ತೋಡಿಕೊಂಡು!

“ದೆವ್ವರ ಇರಲಿ, ದೇವರರ ಇರಲಿ, ಹಾಳಾಗಿ ಹೋಗಲಿ!” ಎಂದು ಎದ್ದು ಬಾಗಿಲು ಎಳೆದಳು.

ಸೌಭಾಗ್ಯ ಮೆಟ್ಟಿಲಿನಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಮೌನಮ್ಮ ಕಂಕುಳಿಗೆ ಕೈ ಹಾಕಿ ದರದರ ಹೊರಗೆಳೆದಳು. ಗಾಳಿಗೆ ಮಲಗಿಸಿ, ಕಾಲುಗಳನ್ನು ಸ್ಟೂಲಿನ ಮೇಲೆತ್ತಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಹಾಕಿ, “ಬೇಗಂ, ಗಾಡಿ ತರಸು!” ಎಂದು ಚೀರಿದಳು. ಗೌಹರಬೇಗಂ ಕೊಡ ತುಂಬ ತಣ್ಣೀರು ತಂದು ಸುರಿಯಲು ಹೋದರೆ ತಡೆದಳು. ಕಾದ ಮೈಗೆ ಒಮ್ಮೆಲೇ ಸುರಿಯಬಾರದು. ಕಣ್ಣು ಬಿಟ್ಟು, ಎಚ್ಚರ ಬಂದು, ಹೆಸರು ಹೇಳಿದ ಮೇಲೆಯೇ ಗುಟುಕು ಗುಟುಕಾಗಿ ನೀರು ಕೊಟ್ಟಳು. ಶಹಾಪುರದ ದವಾಖಾನೆಯಲ್ಲಿ ಸಂಜೆಯವರೆಗೆ ಸಲಾಯಿನ್ ಹಚ್ಚಿದರು. ಇನ್ನೂ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು.

“ಚಲೋ ಆತು ನೀ ಕರದಿ,” ಎಂದಳು ಮೌನಮ್ಮ, ಅವಳ ತಲೆ ಸವರುತ್ತಾ. “ಬರ್ತೀನವ್ವಾ ಅಂದ್ಯಲ್ಲ, ಅದಕ್ಕ ಬಾಗಲಾ ತಗದೆ.”

ಸೌಭಾಗ್ಯ ಅವಳ ಮುಖ ನೋಡಿದಳು.

“ನಾ ಏನೂ ಅಂದಿಲ್ರಿ. ಕರೀಬೇಕಂದೆ, ನಾಲಿಗಿನೇ ಏಳಲಿಲ್ಲ.”

ಮೌನಮ್ಮ ಅವಳ ಹೊದಿಕೆ ಸರಿಪಡಿಸಿ ಎದ್ದಳು. ಮರುದಿನ ಸೌಭಾಗ್ಯಳನ್ನು ಅವಳ ಗಂಡನ ಜೊತೆ ಬಸ್ಸು ಹತ್ತಿಸಿ, ಕೈಯಲ್ಲಿ ನೀರಿನ ಬಾಟಲಿ ತುರುಕಿ, “ಕುಡೀ, ನಾಚಿಕಿ ಬಿಟ್ಟು ಕುಡೀ” ಎಂದು ಬೈದು ಕಳಿಸಿದಳು. ಹಿತ್ತಲಿಗೆ ಬಂದು ಗೌಹರಬೇಗಂಳ ಮುಂದೆ ಕೂತಳು.

“ಹ್ವಾದ ವರ್ಷ ಬರ್ತೀನಿ ಅಂದಾಕಿ, ಬಂದಳು ನೋಡು ಬೇಗಂ. ಮಗಳ ಸಲುವಾಗಿ ಬಂದಳು. ನಿನ್ನಿ ಬರ್ತೀನಿ ಅಂದದ್ದು ಮಾತ್ರ ಹೋಗೋ ಮಾತು.”

ಇಷ್ಟು ಹೇಳಿ, ಮೌನಮ್ಮ ಗೊಳೋ ಎಂದು ಅತ್ತಳು.

ಆ ದನಿ ಮತ್ತೆ ಬರಲಿಲ್ಲ. ಅದು ಬರದಿರಲೆಂದು ಒಂದು ವರ್ಷ ಕಂಡ ದೇವರಿಗೆಲ್ಲ ಕೈ ಮುಗಿದವಳು ಈಗ ಕಲ್ಲು ಕಾಯಲಿಟ್ಟು, ಬಾಗಿಲು ಹಾಕಿ, ಖಾಲಿ ಖೋಲಿಗೆ ತಾನೇ ಕೂಗುತ್ತಾಳೆ: “ಆಯ್ತೇನ್ರಿ ಅಕ್ಕಾ?” ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಆಮೇಲೆ ಎದ್ದು ಕೆಲಸಕ್ಕೆ ಹೋಗುತ್ತಾಳೆ.