ಹೊಸ್ತಿಲು ದಾಟದ ಪತ್ತೇದಾರಿಣಿ

ಬೆಳಗಿನ ಐದೂಮುಕ್ಕಾಲು. ಹುಮನಾಬಾದ ಬಸ್ ನಿಲ್ದಾಣದ ದೀಪಗಳನ್ನು ಇನ್ನೂ ಆರಿಸಿಲ್ಲ. ಕಸ ಗುಡಿಸುವವರ ಪೊರಕೆಯ ಸದ್ದಿನ ನಡುವೆ, ಬಸವಕಲ್ಯಾಣದ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಸರಿತಾ ಕೂತಿದ್ದಾರೆ. ವಯಸ್ಸು ನಲವತ್ತನಾಲ್ಕು. ಮಾಸಲು ಹಸಿರು ಸೀರೆ, ಹೆಗಲಲ್ಲೊಂದು ಬಟ್ಟೆಯ ಚೀಲ, ಚೀಲದಿಂದ ಹೊರಗಿಣುಕುವ ಕೊತ್ತಂಬರಿ ಕಟ್ಟು. ಮಡಿಲಲ್ಲಿ ಅಂಗೈ ಅಗಲದ ನೋಟುಪುಸ್ತಕ. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು, ಮುಂದಿನ ಬಾಗಿಲಿಂದ ಎಷ್ಟು ಜನ ಇಳಿದರು, ಹಿಂದಿನಿಂದ ಎಷ್ಟು ಜನ ಹತ್ತಿದರು, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

ಹೊಸದಾಗಿ ಒಪ್ಪಿಕೊಂಡ ಕೆಲಸವೊಂದರ ಮೊದಲ ದಿನ ಇದು. ಮೊದಲ ದಿನಕ್ಕೆ ಅವರು ಇಟ್ಟುಕೊಂಡ ಹೆಸರು 'ಖಾಲಿ ಹಾದಿ'. ಅಂದರೆ ನೋಡಬೇಕಾದ ಮನುಷ್ಯ ಓಡಾಡುವ ದಾರಿಯಲ್ಲಿ, ಆ ಮನುಷ್ಯ ಇಲ್ಲದ ದಿನ ತಾವೊಬ್ಬರೇ ಓಡಾಡಿ ಬರುವುದು.

"ಇವತ್ತ ಯಾರ ಹಿಂದೂ ಹೋಗಾಕತ್ತಿಲ್ರಿ," ಎನ್ನುತ್ತಾರೆ. "ಬರೇ ಹಾದಿ ನೋಡಾಕತ್ತೇನಿ. ನಡುವಿನ ರಾಜೇಶ್ವರ ಊರಾಗ ಬಸ್ ಹತ್ತು ನಿಮಿಷ ನಿಂತಿರ್ತದ. ಅದು ಗೊತ್ತಿಲ್ದ ನಾನು, 'ಈ ಹೆಣ್ಣಮಗಳು ಹತ್ತು ನಿಮಿಷ ಎಲ್ಲೋ ಮಾಯ ಆದಳು' ಅಂತ ಬರದ್ರ ಒಂದು ಸಂಸಾರ ಹೋತಲ್ರಿ?"

ಚಹಾದ ಮೊಹಿನುದ್ದೀನ್ ಕೆಟಲ್ ಹಿಡಿದು ಬರುತ್ತಾರೆ. "ಏನ್ ಆಪಾ, ಇವತ್ತೂ ಕೊತ್ತಂಬರೀನ? ಇಷ್ಟು ತಿಂದ್ರ ಮೈಮ್ಯಾಲ ಎಲಿ ಬರ್ತಾವ ನೋಡ್ರಿ." ಸರಿತಾ ನಕ್ಕು ಕಪ್ಪು ತೆಗೆದುಕೊಳ್ಳುತ್ತಾರೆ. ಎಂಟು ವರ್ಷಗಳಿಂದ ಚಹಾ ಕೊಡುತ್ತಿರುವ ಮೊಹಿನುದ್ದೀನ್‌ಗೆ ಈ ಅಕ್ಕ ಏನು ಮಾಡುತ್ತಾರೆಂಬುದು ಗೊತ್ತಿಲ್ಲ. ಕಾಯಿಪಲ್ಲೆ ವ್ಯಾಪಾರವಿರಬೇಕು ಎಂದುಕೊಂಡಿದ್ದಾರೆ. ಅವರು ಹಾಗೆ ಅಂದುಕೊಳ್ಳಲೆಂದೇ ಕೊತ್ತಂಬರಿ. ಅದನ್ನು ಹಿಡಿದು ನಿಂತ ಹೆಣ್ಣುಮಗಳನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಅದರ ಕಷ್ಟವೆಲ್ಲ ಮನೆಯಲ್ಲಿರುವ ತಾಯಿ ಸುಂದರಬಾಯಿಯವರಿಗೆ. "ಮಗಳು ಕೆಲಸಕ್ಕ ಹೋದ ದಿನ ಮನ್ಯಾಗ ಕೊತ್ತಂಬರಿ ಚಟ್ನಿ. ದೇವರಾಣೆ, ನನಗ ವಾಸನಿ ಬಂದ್ರ ಸಾಕು, ಇವತ್ತ ಯಾರದೋ ಮನಿ ಜಗಳ ಅದ ಅಂತ ತಿಳೀತದ," ಎಂದು ಆ ಮುದುಕಿ ಬೈಯುತ್ತಲೇ ಒಗ್ಗರಣೆ ಹಾಕುತ್ತಾರೆ.

ಸರಿತಾ ಖಾಸಗಿ ಪತ್ತೇದಾರಿಣಿ. ಬಸವಕಲ್ಯಾಣದಲ್ಲಿ ಅವರ ಹೆಸರಿನ ಬೋರ್ಡು ಎಲ್ಲೂ ಇಲ್ಲ. ವಕೀಲೆ ವಿದ್ಯಾವತಿಯವರ ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಅಷ್ಟೇ. ಹುಟ್ಟಿದ್ದು ರಾಜೇಶ್ವರದ ಕೂಲಿ ಮಾಡುವ ಬೌದ್ಧ ಕುಟುಂಬದಲ್ಲಿ. ಟೈಪಿಂಗ್ ಕಲಿತು ವಿದ್ಯಾವತಿಯವರ ಬಳಿ ಗುಮಾಸ್ತೆಯಾಗಿ ಸೇರಿದರು. ಕೋರ್ಟಿನ ಕೆಲಸ ಮುಗಿಸಿ ಮನೆಗೆ ಹೋಗುವುದು ತಡವಾಗುತ್ತಿತ್ತು. ಗಂಡನಿಗೆ ಸಂಶಯ ಬಂತು. ಆ ಮದುವೆ ಮೂರು ವರ್ಷಕ್ಕೇ ಮುಗಿಯಿತು. "ನಾನು ಎಲ್ಲಿ ಹೋಗ್ತೀನಿ ಅಂತ ಅಂವ ಊರೆಲ್ಲಾ ಕೇಳ್ದ. ನನಗೊಬ್ಬಾಕಿಗೆ ಕೇಳ್ಲಿಲ್ಲ," ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. ನೋಟುಪುಸ್ತಕದಲ್ಲಿ ಬರೆದಿಟ್ಟ ಬಸ್ಸಿನ ಹೊತ್ತು ಓದಿದಂತೆ ಹೇಳುತ್ತಾರೆ.

ತಿಂಗಳಿಗೆ ಹತ್ತು ಹನ್ನೆರಡು ಜನ ಆ ಹಿಂದಿನ ಕೋಣೆಗೆ ಬರುತ್ತಾರೆ. ಹೆಚ್ಚಿನವರು ಗಂಡಂದಿರು, ಈಚೆಗೆ ಹೆಂಡಂದಿರೂ ಬರುತ್ತಾರೆ. ಸರಿತಾ ಒಪ್ಪಿಕೊಳ್ಳುವುದು ಎರಡೋ ಮೂರೋ. ಉಳಿದವರು ಬೈದು ಹೋಗುತ್ತಾರೆ, ಏಕೆಂದರೆ ಅವರು ಬೇಡುವುದನ್ನು ಈಕೆ ಮಾಡುವುದಿಲ್ಲ. ಹೆಂಡತಿಯ ಫೋನಿನಲ್ಲಿ ಕದ್ದು ಕೇಳುವ ಆ್ಯಪ್ ಹಾಕಿಕೊಡು, ಯಾರಿಗೆ ಎಷ್ಟು ಸಲ ಫೋನ್ ಮಾಡಿದಳೋ ಪಟ್ಟಿ ತರಿಸು, ಗಂಡನ ಗಾಡಿಗೆ ಎಲ್ಲಿದ್ದಾನೆಂದು ತೋರಿಸುವ ಯಂತ್ರ ಅಂಟಿಸು, ಲಾಡ್ಜಿನ ಕೋಣೆಯೊಳಗೆ ಕ್ಯಾಮೆರಾ ಇಡು, ಪೊಲೀಸ್ ಅಂತ ಹೇಳಿ ಹೆದರಿಸು. ಇವೆಲ್ಲ ಮಾಡಿದವನ ಮೇಲೇ ಕೇಸು ಬೀಳುವ ಕೆಲಸಗಳು.

"ನಮ್ಮ ದೇಶದಾಗ ಪತ್ತೇದಾರರಿಗೆ ಅಂತ ಬ್ಯಾರೆ ಕಾಯ್ದೆ ಇನ್ನೂ ಆಗಿಲ್ಲ," ಎಂದು ವಿದ್ಯಾವತಿ ಬಿಡಿಸಿ ಹೇಳುತ್ತಾರೆ. "ಹಾಂಗಾಗಿ ಸರಿತಾಗ ಇರೋ ಅಧಿಕಾರ ನಿಮಗ ನನಗ ಇದ್ದಷ್ಟ. ಸಾರ್ವಜನಿಕ ಜಾಗದಾಗ ನಿಂತು ನೋಡಬಹುದು, ಬರಕೋಬಹುದು, ಬೀದ್ಯಾಗ ಕಂಡದ್ದರ ಫೋಟೋ ತಗೀಬಹುದು. ಸರ್ಕಾರಿ ಕಚೇರ್ಯಾಗ ಯಾರು ಬೇಕಾದ್ರೂ ನೋಡೋ ದಾಖಲೆ ನೋಡಬಹುದು. ಕೋರ್ಟಿಗೆ ಬಂದು ಕಂಡದ್ದು ಹೇಳಬಹುದು. ಫೋನಿನ ಪಟ್ಟಿ, ಲಾಡ್ಜಿನ ಪುಸ್ತಕ ಬೇಕಂದ್ರ ನಾವು ಅರ್ಜಿ ಹಾಕಬೇಕು, ಜಡ್ಜ್ ಸಾಹೇಬರು ತರಸ್ತಾರ." ಪರಸಂಬಂಧ ಎಂಬುದು 2018ರಿಂದ ಜೈಲಿಗೆ ಹಾಕುವ ಅಪರಾಧವಲ್ಲ, ವಿಚ್ಛೇದನಕ್ಕೆ ಮಾತ್ರ ಕಾರಣವಾಗಬಲ್ಲದು ಎಂಬುದನ್ನೂ ಬಂದವರಿಗೆಲ್ಲ ಹೇಳಬೇಕಾಗುತ್ತದೆ. ಅರ್ಧ ಜನ ಅಷ್ಟಕ್ಕೇ ಎದ್ದುಹೋಗುತ್ತಾರಂತೆ.

ಕಾಯ್ದೆಯ ಮೇಲೆ ಸರಿತಾ ತಮ್ಮದೇ ಎರಡು ಕಟ್ಟಳೆ ಹಾಕಿಕೊಂಡಿದ್ದಾರೆ. ಒಂದು, ನೆರೆಹೊರೆಯವರನ್ನು ಕೇಳುವಂತಿಲ್ಲ. ಕೇಳಿದ ಪ್ರಶ್ನೆಯೇ ಸಾಕು, ಸಂಜೆಯೊಳಗೆ ಆ ಹೆಣ್ಣಿನ ಹೆಸರು ಓಣಿ ತುಂಬಾ ಓಡಾಡುತ್ತದೆ. ಎರಡು, ಕೆಲಸ ಪೂರಾ ಆಗುವವರೆಗೆ ಒಂದಕ್ಷರವನ್ನೂ ಕೊಡುವಂತಿಲ್ಲ.

ಎರಡನೆಯ ಕಟ್ಟಳೆ ಬಂದದ್ದು ಮುಕ್ತಾಬಾಯಿಯಿಂದ. ಈ ಬರಹದಲ್ಲಿ ಬರುವ ಕುಟುಂಬಗಳ ಹೆಸರುಗಳನ್ನೆಲ್ಲ ಬದಲಿಸಿದೆ, ಇದನ್ನೂ. ಸರಿತಾ ಈ ಕೆಲಸಕ್ಕೆ ಇಳಿದ ಮೊದಲ ವರ್ಷ ನಿರ್ಣಾ ಊರಿನ ಕಡೆಯ ಒಬ್ಬ ಗಂಡ ಬಂದಿದ್ದ. ಆತನ ಹೆಂಡತಿ ಮುಕ್ತಾಬಾಯಿ ದಿನಾ ಹತ್ತು ಗಂಟೆಗೆ ಒಂದು ಮನೆಯೊಳಗೆ ಹೋಗಿ ಒಂದಕ್ಕೆ ಹೊರಬರುತ್ತಾಳೆಂದು ಸರಿತಾ ಕಂಡರು. ಗಂಡ ದುಂಬಾಲು ಬಿದ್ದಾಗ ಒಂದು ಫೋಟೋ, ಎರಡು ಸಾಲು ಕೊಟ್ಟರು. ಅಂದು ಸಂಜೆಯೇ ಆತ ಹೆಂಡತಿಯ ಮಣಿಕಟ್ಟು ಮುರಿದ. ಆಕೆ ಆ ಮನೆಗೆ ಹೋಗುತ್ತಿದ್ದುದು ಜೋಳದ ರೊಟ್ಟಿ ಬಡಿಯಲು. ಮಗಳ ಕಾಲೇಜಿಗೆಂದು ಗಂಡನಿಗೆ ಹೇಳದೆ ದುಡಿಯುತ್ತಿದ್ದಳು.

"ನಾ ಬರದದ್ದು ಒಂದೂ ಸುಳ್ಳಿರಲಿಲ್ರಿ," ಎನ್ನುತ್ತಾರೆ ಸರಿತಾ. "ಹತ್ತಕ್ಕ ಹೋದಳು, ಖರೆ. ಒಂದಕ್ಕ ಬಂದಳು, ಖರೆ. ಆದ್ರ ಅರ್ಧಾ ಖರೆ. ಅದರಿಂದ ಅಕಿ ಕೈ ಮುರೀತು." ಒಂದು ವರ್ಷ ಈ ಕೆಲಸವನ್ನೇ ಬಿಟ್ಟಿದ್ದರು. ಮತ್ತೆ ಶುರು ಮಾಡಿದಾಗ ಕರಾರು ಪತ್ರ ತಯಾರಾಗಿತ್ತು. ಏನು ತಿಳಿಯಬೇಕು ಎಂಬುದನ್ನು ಬಂದವರು ತಮ್ಮ ಕೈಯಿಂದ ಒಂದೇ ಸಾಲಿನಲ್ಲಿ ಬರೆಯಬೇಕು. ಉತ್ತರ ಆ ಸಾಲಿಗೆ ಮಾತ್ರ. ಏನೇ ಉತ್ತರ ಬಂದರೂ ಕೈ ಎತ್ತುವುದಿಲ್ಲವೆಂದು ವಕೀಲರ ಮುಂದೆ ಸಹಿ ಮಾಡಬೇಕು.

ಆ ಒಂದು ಸಾಲಿನ ಬೆಲೆ ತಿಳಿದದ್ದು ಹೋದ ಶ್ರಾವಣದಲ್ಲಿ.

ಹುಮನಾಬಾದದ ಬಟ್ಟೆ ವ್ಯಾಪಾರಿ ಗುರುಲಿಂಗ ಬಂದು ಕೂತ. ಮದುವೆಯಾಗಿ ಎರಡು ವರ್ಷ. ಹೆಂಡತಿ ಸ್ನೇಹಲ್ ಪ್ರತಿ ಶುಕ್ರವಾರ ಹೊಲಿಗೆ ಕ್ಲಾಸು ಎಂದು ಬಸವಕಲ್ಯಾಣಕ್ಕೆ ಹೋಗುತ್ತಾಳೆ, ಆದರೆ ಕ್ಲಾಸಿನಲ್ಲಿ ಅವಳ ಹೆಸರೇ ಇಲ್ಲ. ಬಸ್ ನಿಲ್ದಾಣದಿಂದ ಯಾವನೋ ಬೈಕಿನಲ್ಲಿ ಕರೆದೊಯ್ಯುವುದನ್ನು ಪರಿಚಯದವರು ಕಂಡಿದ್ದಾರೆ.

"ಫೋನಿನ್ಯಾಗ ಒಂದು ಆ್ಯಪ್ ಹಾಕ್ಕೊಡ್ರಿ ಅಕ್ಕಾರ, ಎರಡು ದಿನದಾಗ ಮುಗೀತದ. ಫೋನ್ ನಾನ ತಂದ್ಕೊಟ್ಟೇನಿ."

"ಫೋನ್ ನೀವ ತಂದೀರಿ ಅಣ್ಣಾರ. ಅದರಾಗಿನ ಮಾತು ನೀವು ತಂದಿಲ್ಲ," ಅಂದರು ಸರಿತಾ. "ಬರೀರಿ, ನಿಮಗ ಏನ್ ಗೊತ್ತಾಗಬೇಕು?"

ಗುರುಲಿಂಗ ಹಲ್ಲು ಕಚ್ಚಿ ಬರೆದ: 'ನನ್ನ ಹೆಂಡತಿಗೆ ಬೇರೆ ಗಂಡಸಿನ ಸಂಬಂಧ ಇದೆಯೋ ಇಲ್ಲವೋ.'

ಮೂರು ಶುಕ್ರವಾರ ಸರಿತಾ ನೋಡಿದ್ದು ಒಂದೇ. ಬೈಕಿನವನು ಬರುತ್ತಾನೆ, ಸ್ನೇಹಲ್‌ಳನ್ನು ಹೊಸ ಬಡಾವಣೆಯ ಒಂದು ಮನೆಗೆ ಕರೆದೊಯ್ಯುತ್ತಾನೆ, ಬಾಗಿಲು ಹಾಕಿಕೊಳ್ಳುತ್ತದೆ, ಮೂರು ತಾಸಿನ ನಂತರ ವಾಪಸ್ಸು ಬಿಡುತ್ತಾನೆ. ಬಾಗಿಲ ಮೇಲೆ ಧಮ್ಮಪಾಲ ಎಂಬ ಹೆಸರು. ಮನೆಯಲ್ಲಿ ಇನ್ನೊಬ್ಬರಿರುವ ಗುರುತು ಹೊರಗೆಲ್ಲೂ ಇಲ್ಲ. ಗುರುಲಿಂಗ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದ. ಕೊಡಬಹುದಾಗಿದ್ದ ಫೋಟೋ ಕೈಯಲ್ಲೇ ಇತ್ತು. ಸರಿತಾರ ಕಣ್ಣ ಮುಂದೆ ಮುಕ್ತಾಬಾಯಿಯ ಮಣಿಕಟ್ಟು ಇತ್ತು. "ಪೂರಾ ಆಗಿಲ್ರಿ," ಎಂಬುದೊಂದೇ ಉತ್ತರ ಕೊಟ್ಟರು.

ನಾಲ್ಕನೆಯದು ಶ್ರಾವಣದ ಕೊನೆಯ ಶುಕ್ರವಾರ. ರಸ್ತೆಯಾಚೆ ಗಿರಣಿಯ ಕಟ್ಟೆಯ ಮೇಲೆ ಸರಿತಾ ಕೂತಿದ್ದರು. ಮಧ್ಯಾಹ್ನ ಬಾಗಿಲು ತೆರೆಯಿತು. ಸ್ನೇಹಲ್ ಹೊರಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮಡಿಲು ತುಂಬಿಸಿಕೊಂಡಂತೆ ಉಡಿ ಉಬ್ಬಿದೆ. ಉಡಿಯಲ್ಲಿ ತೆಂಗಿನಕಾಯಿ, ಅದರ ಪಕ್ಕಕ್ಕೆ ಇಣುಕುವ ಹೊಸ ರವಿಕೆ ಖಣದ ಅಂಚು.

"ಅಲ್ಲೇ ನನ್ನ ಎದಿ ಹಗುರ ಆತ್ರಿ," ಎನ್ನುತ್ತಾರೆ. "ಒಬ್ಬಂಟಿ ಗಂಡಸಿನ ಮನ್ಯಾಗ ಉಡಿ ತುಂಬಾಕ ಯಾರಿರ್ತಾರ? ಉಡಿ ಹೆಣ್ಣಮಗಳ ತುಂಬಬೇಕು. ತವರಿನವರು ತುಂಬತಾರ, ಇಲ್ಲಂದ್ರ ತವರಿನಷ್ಟ ಹತ್ತಿರದವರು ತುಂಬತಾರ."

ತೆರೆದ ಬಾಗಿಲಲ್ಲಿ ಚೌಕಟ್ಟು ಹಿಡಿದು, ಏಳು ತಿಂಗಳ ಬಸುರಿಯೊಬ್ಬಳು ಕಷ್ಟಪಟ್ಟು ನಿಂತಿದ್ದಳು. ಸ್ನೇಹಲ್ ಬಗ್ಗಿ ಅವಳ ಕಾಲು ಮುಟ್ಟಿದಳು. ಸರಿತಾ ಫೋನ್ ಚೀಲದೊಳಗೇ ಬಿಟ್ಟರು. "ಹೊಸ್ತಿಲ ಒಳಗಿಂದು ಅವರದ್ರಿ. ಅದರ ಫೋಟೋ ನನಗ್ಯಾಕ?"

ಆದರೆ ಉಬ್ಬಿದ ಉಡಿ ಕೋರ್ಟಿಗೆ ಪುರಾವೆಯಲ್ಲ. ಸೋಮವಾರ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಶುಲ್ಕ ಕಟ್ಟಿದ ಯಾರಿಗಾದರೂ ತೋರಿಸುವ ವಿಶೇಷ ವಿವಾಹ ಕಾಯ್ದೆಯಡಿ ಆದ ಮದುವೆಗಳ ಪುಸ್ತಕ ತೆಗೆಸಿದರು. ಆರು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿತು: ವರ ಧಮ್ಮಪಾಲ, ವಧು ದೀಪಾಲಿ, ವಧುವಿನ ತಂದೆ ಮಹಾರುದ್ರಪ್ಪ. ಗುರುಲಿಂಗನ ಮಾವನ ಹೆಸರೂ ಅದೇ, ಊರೂ ಅದೇ. ಜಾತಿ ಬಿಟ್ಟು ಮದುವೆಯಾದ ಹಿರಿಮಗಳನ್ನು ಮಹಾರುದ್ರಪ್ಪ ಲೆಕ್ಕದಿಂದಲೇ ತೆಗೆದಿದ್ದರು. ಸ್ನೇಹಲ್‌ಳ ಸಂಬಂಧ ಕುದುರಿಸುವಾಗ 'ನಮಗ ಒಬ್ಬಾಕಿನ ಮಗಳು' ಎಂದಿದ್ದರು. ಆಮೇಲೆ ತಿಳಿದಂತೆ, ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ ಅಕ್ಕನಿಗೆ ತವರಿಲ್ಲ. ಅದಕ್ಕೇ ತಂಗಿ ವಾರಕ್ಕೊಮ್ಮೆ ಕದ್ದು ಬಂದು ತಲೆಗೆ ಎಣ್ಣೆ ಹಚ್ಚಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು.

ಈಗ ಸರಿತಾರಿಗೆ ಇನ್ನೊಂದು ಅಂಜಿಕೆ. ಮನೆಯ ಗುರುತು ಕೊಟ್ಟರೆ ಅದು ಅಳಿಯನಿಂದ ಮಾವನಿಗೆ ಹೋಗುತ್ತದೆ. ಬಸುರಿಯ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೋ ಗೊತ್ತಿಲ್ಲ. ಹಾಗೆಂದು ಸುಳ್ಳು ಹೇಳುವಂತೆಯೂ ಇಲ್ಲ.

ವಿದ್ಯಾವತಿಯವರ ಮುಂದೆ ಗುರುಲಿಂಗನನ್ನು ಕೂರಿಸಿ ಎರಡೇ ಸಾಲು ಓದಿದರು: 'ಬೇರೆ ಗಂಡಸಿನ ಸಂಬಂಧ ಇಲ್ಲ. ಆ ಮನೆಯಲ್ಲಿ ಗಂಡಹೆಂಡತಿ ಇದ್ದಾರೆ, ನಿಮ್ಮ ಪತ್ನಿ ಹೋಗುವುದು ಆ ಹೆಣ್ಣುಮಗಳ ಬಳಿಗೆ.'

"ಯಾರ ಮನಿ ಅದು?"

"ಅದು ನೀವು ಬರದ ಸಾಲಿನ್ಯಾಗ ಇಲ್ರಿ."

"ಹೆಂಗಸರು ಹೆಂಗಸರು ಸೇರಿ ಮುಚ್ಚಾಕತ್ತೀರಿ! ನಾ ಏನ್ ಹುಚ್ಚ ಇದ್ದೇನಿ?" ಗುರುಲಿಂಗ ಮೇಜು ಗುದ್ದಿದ. ಪೆನ್ನಿನ ಡಬ್ಬಿ ನೆಲಕ್ಕೆ ಬಿತ್ತು.

ಸರಿತಾ ಬಗ್ಗಿ ಪೆನ್ನುಗಳನ್ನು ಒಂದೊಂದಾಗಿ ಆರಿಸಿದರು. "ನಾ ಹೇಳಿದ್ದನ್ನ ಜಡ್ಜ್ ಮುಂದ ಪ್ರಮಾಣ ಮಾಡಿ ಹೇಳ್ತೇನಿ. ಉಳಿದದ್ದು ಹೇಳಾಕ ಒಬ್ಬಾಕಿಗೇ ಹಕ್ಕದ. ಮನಿಗೆ ಹೋಗ್ರಿ, ಅಕಿ ಹಾಕಿದ ಊಟಾ ಉಣ್ರಿ, ಆಮ್ಯಾಲ ಮೆತ್ತಗ ಕೇಳ್ರಿ. ಎರಡು ವರ್ಷದಾಗ ಒಂದ ಸಲಾನಾದ್ರೂ ಹಾಂಗ ಕೇಳೀರೇನು?"

ಆತ ಎದ್ದುಹೋದ. ನಾಲ್ಕು ದಿನ ಫೋನ್ ಬರಲಿಲ್ಲ. ಸರಿತಾ ಆ ನಾಲ್ಕೂ ದಿನ ಸರಿಯಾಗಿ ಉಣ್ಣಲಿಲ್ಲವೆಂದು ಸುಂದರಬಾಯಿ ಹೇಳುತ್ತಾರೆ. ಐದನೆಯ ದಿನ ಗುರುಲಿಂಗ ವಿದ್ಯಾವತಿಯವರಿಗೆ ಫೋನ್ ಮಾಡಿ, "ಕೇಳ್ದೆ. ಹೇಳಿದಳು. ಭಾಳ ಅತ್ತಳು," ಎಂದಷ್ಟೇ ಹೇಳಿ ಇಟ್ಟುಬಿಟ್ಟನಂತೆ.

ಆತ ಇಂದಿಗೂ ಆ ಮನೆಯ ಒಳಗೆ ಹೋಗಿಲ್ಲ. ಮಾವನಿಗೂ ಹೇಳಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಹೆಂಡತಿಯನ್ನು ತಾನೇ ಹುಮನಾಬಾದ ನಿಲ್ದಾಣಕ್ಕೆ ಬಿಡುತ್ತಾನೆ. ದೀಪಾಲಿಗೆ ಹೆಣ್ಣು ಮಗು. ಎರಡೂ ಮನೆಯವರು ವಕೀಲರ ಮೂಲಕ ಒಪ್ಪಿದ ಮೇಲೆಯೇ ಇದನ್ನಿಲ್ಲಿ ಬರೆದಿದೆ.

ಬೋರ್ಡು ಹಾಕುವ ಆಸೆ ಇಲ್ಲವೇ ಎಂದರೆ ಸರಿತಾ ತಲೆ ಆಡಿಸುತ್ತಾರೆ. "ಬೋರ್ಡ್ ಹಾಕಿದ್ರ ಕೊತ್ತಂಬರಿ ಕೆಲಸಾ ಮಾಡಂಗಿಲ್ರಿ." ಆಮೇಲೆ ಕೇಳದೆಯೇ ಹೋದ ತಿಂಗಳ ಒಂದು ಶುಕ್ರವಾರದ ಮಾತು ತೆಗೆಯುತ್ತಾರೆ. ಬೇರೆ ಕೆಲಸದ ಮೇಲೆ ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಬಸ್ಸು ಹತ್ತಿದ್ದರು. ಪಕ್ಕದ ಸೀಟಿಗೆ ಬಂದು ಕೂತವಳು ಸ್ನೇಹಲ್. ಅವಳಿಗೆ ಸರಿತಾರ ಮುಖ ಗೊತ್ತಿಲ್ಲ. ಚೀಲದ ಕೊತ್ತಂಬರಿ ನೋಡಿ, "ಛಲೋ ಹಸಿ ಅದ, ಎಲ್ಲಿ ತಗೊಂಡ್ರಿ ಅಕ್ಕಾ?" ಎಂದು ಮಾತಿಗೆ ತೊಡಗಿದಳು. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಉಡಿಯಿಂದ ಕೊಬ್ಬರಿ ತೆಗೆದು ಒಂದು ತುಂಡು ಕೊಟ್ಟಳು. ಸರಿತಾ ಏನನ್ನೂ ಕೇಳಲಿಲ್ಲ. ಮುಂದಿನ ಸೀಟಿನ ಮುದುಕಿ ತಿರುಗಿ ಕೇಳಿದಳು, "ಯಾವ ಊರಿಗೆ ಹೋಗಿದ್ದಿ ತಂಗಿ, ಉಡಿ ತುಂಬಿಸ್ಕೊಂಡು ಬಂದೀ?"

"ಅಕಿ ಇಡೀ ಬಸ್ಸಿಗೆ ಕೇಳೋ ಹಾಂಗ ಹೇಳಿದಳ್ರಿ," ಎನ್ನುತ್ತ ಸರಿತಾ ನೋಟುಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಸವಕಲ್ಯಾಣದ ಬಸ್ಸು ಬಂದು ನಿಂತಿದೆ. "'ನಮ್ಮ ಅಕ್ಕನ ಮನಿಗೆ ಹೋಗಿದ್ದೆ' ಅಂದಳು. ನಾ ಅರ್ಧಾ ಕಟ್ಟು ಕೊತ್ತಂಬರಿ ಮುರದು ಅಕಿ ಉಡ್ಯಾಗ ಹಾಕಿದೆ."